ಬಾಯಿ ಇಪ್ಪತ್ತು, ಕೈ ಹನ್ನೊಂದು

ಜನವರಿ 9, ಬೆಳಿಗ್ಗೆ

ಶರ್ಟಿನ ಗುಂಡಿ ಹಾಕಲು ನಾಲ್ಕು ನಿಮಿಷ. ಕಳೆದ ವಾರ ಮೂರು. ಹೆಂಡತಿ ಒಳಗೆ ಬರುವ ಮೊದಲೇ ಮುಗಿಸಿದೆ. ಹತ್ತಕ್ಕೆ ನನ್ನ ಕಾಗದದ ಅಂಗಡಿ. ಎಪ್ಪತ್ತು ಗ್ರಾಂ ದಪ್ಪದ್ದು ಒಂಬತ್ತು ಕಟ್ಟು, ಎಂಬತ್ತರದ್ದು ಆರು, ಒಡೆದ ಕಟ್ಟು ಎರಡು.

ಬಲಗೈಯ ಮೂರು ಬೆರಳಿಗೆ ಯಾರೋ ಕೈಗವಸು ತೊಡಿಸಿದ ಹಾಗೆ. ನೋವಿಲ್ಲ. ನೋವಿದ್ದಿದ್ದರೆ ಯಾರಿಗಾದರೂ ಹೇಳಬಹುದಿತ್ತು.

ಜನವರಿ 14

ಪ್ರೆಸ್ಸಿನ ಯಜಮಾನ ಬಂದ. ಹಳೆಯ ಗಿರಾಕಿ, ಹಳೆಯ ಬಾಯಿ. ಕಟ್ಟೊಂದನ್ನು ಮೇಜಿನ ಮೇಲೆ ಕುಕ್ಕಿದ.

"ದಪ್ಪದ್ದು, ನೂರರದ್ದು ಕೇಳಿದ್ದೆ. ಎಂಬತ್ತರದ್ದು ಕಳಿಸಿದ್ದೀಯ."

"ಕಟ್ಟು ಅದಲುಬದಲಾಗಿದೆ ಕಣಪ್ಪ."

"ಕಣ್ಣು ಮುಚ್ಕೊಂಡು ಹಾಳೆ ದಪ್ಪ ಹೇಳ್ತಿದ್ದೋನು ನೀನೇ ತಾನೆ? ಇನ್ಮೇಲೆ ಕಣ್ಣು ಬಿಟ್ಕೊಂಡೇ ಹೇಳು."

ನಕ್ಕೆ. ಅವನೂ ನಕ್ಕ. ಅವನ ಪ್ರೆಸ್ಸಿನಲ್ಲೇ ಕಾಗದ ಹೊರುತ್ತಿದ್ದವನು ನಾನು. ಹಾಳೆಯ ಮೂಲೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದರೆ ಸಾಕಿತ್ತು. ಈ ಅಂಗಡಿ ನಿಂತಿರುವುದು ಆ ಎರಡು ಬೆರಳ ಮೇಲೆ.

ಅವನು ಹೋದ ಮೇಲೆ ಎರಡೂ ಬಗೆಯ ಹಾಳೆ ಹಿಡಿದು ನೋಡಿದೆ. ನೂರೂ ಒಂದೇ, ಎಂಬತ್ತೂ ಒಂದೇ.

ಜನವರಿ 20

ಮೂಳೆ ಡಾಕ್ಟರು. ಒಬ್ಬನೇ ಹೋದೆ.

"ತೊಂದರೆ ಹತ್ತಕ್ಕೆ ಎಷ್ಟು ಅಂತೀರಿ?"

"ಎರಡು."

ಮೊದಲ ಮಾತಿಗೇ ನಿಜದ ಅಂಕಿ ಬಿಟ್ಟುಕೊಡುವವನು ವ್ಯಾಪಾರ ಮಾಡಿದ ಹಾಗೇ ಇದೆ. ಅವರು ಜಗ್ಗುತ್ತಾರೆ, ನಾನು ಏರುತ್ತೇನೆ, ಐದಕ್ಕೋ ಆರಕ್ಕೋ ಕುದುರುತ್ತದೆ ಅಂದುಕೊಂಡಿದ್ದೆ. ಅವರು ಎರಡು ಎಂದೇ ಬರೆದುಕೊಂಡರು.

"ಕೈ ಜೋಮು?" "ಆಗೀಗ." "ನಡಿಗೆ?" "ನಿಮಗಿಂತ ಜೋರು."

ಕತ್ತಿನ ಸವೆತವಂತೆ. ಕತ್ತಿಗೆ ಪಟ್ಟಿ, ಆರು ವಾರ.

ಫೆಬ್ರವರಿ 6

ಗುಂಡಿ — ಎರಡೇ ನಿಮಿಷ. ಪಟ್ಟಿ ಕೆಲಸ ಮಾಡುತ್ತಿದೆ.

ಮಾರ್ಚ್ 11

ತಿಂಗಳು ದಾಟಿತು, ಬರೆದಿಲ್ಲ. ಪೆನ್ನು ಜಾರುತ್ತದೆ.

ಅಂಗಡಿಗೆ ಮೂರು ಮೆಟ್ಟಿಲು. ಮೂರನೆಯದಕ್ಕೆ ಕಾಲು ಎತ್ತಿದೆ ಅಂದುಕೊಂಡೆ. ಎತ್ತಿರಲಿಲ್ಲ. ಮೊಣಕಾಲು ತರಚಿತು. ಎಡಗಾಲಿನ ಚಪ್ಪಲಿ ರಸ್ತೆಯ ಆಚೆಯೇ ಉಳಿದಿತ್ತು. ಕಳಚಿದ್ದು ತಿಳಿದೇ ಇಲ್ಲ.

ಹೆಂಡತಿ ಮುಲಾಮು ಹಚ್ಚುತ್ತ ಕೇಳಿದಳು, "ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ರೀ, ನಾನು ನಿಮ್ಮ ಗಿರಾಕಿ ಅಲ್ಲ."

ಅವಳೇ ಮುಂದುವರಿಸಿದಳು. ಜನವರಿಯ ಕೊನೆಗೆ ನನ್ನ ಏಳೂ ಶರ್ಟುಗಳ ಗುಂಡಿ ಕಾಜ ಬಿಚ್ಚಿ, ದೊಡ್ಡದು ಮಾಡಿ, ಮತ್ತೆ ಹೊಲಿದಿದ್ದಳಂತೆ. "ನೀವಾಗೇ ಹೇಳ್ತೀರಿ ಅಂತ ಕಾದೆ."

ಎರಡು ನಿಮಿಷದ ಗುಟ್ಟು ಅದು. ಪಟ್ಟಿಯದಲ್ಲ.

ಮಾರ್ಚ್ 24, ಸಂಜೆ

ಬೆನ್ನುಹುರಿ ತಜ್ಞೆ. ಸ್ಕ್ಯಾನ್ ಮೊನ್ನೆಯೇ ಆಗಿತ್ತು. ಕಾಯುವ ಕೋಣೆಯಲ್ಲಿ ಇಪ್ಪತ್ತಾರು ಕುರ್ಚಿ, ಎರಡಕ್ಕೆ ಕೈ ಇಲ್ಲ. ಒಳಗೆ ಪ್ಲಾಸ್ಟಿಕ್ಕಿನ ಬೆನ್ನೆಲುಬು ಕೋಟಿನ ಹಾಗೆ ಮೊಳೆಗೆ ತೂಗುತ್ತಿತ್ತು. ಹೆಂಡತಿ ಜೊತೆಗೇ ಕುಳಿತಳು, ಕೇಳದೆ.

ಮಾತು ಶುರುಮಾಡಿದೆ. ತಡೆದರು.

"ಮಾತು ಆಮೇಲೆ ಕೇಳ್ತೀನಿ. ಕೈ ಕೊಡಿ."

ನಡುಬೆರಳ ಉಗುರನ್ನು ಚಿಮ್ಮಿದರು. ಹೆಬ್ಬೆರಳು ತಾನೇ ಮಡಚಿಕೊಂಡಿತು. ನಾನು ಹೇಳಿರಲಿಲ್ಲ.

"ಈಗ ಹತ್ತು ಸೆಕೆಂಡು. ಮುಷ್ಟಿ ಕಟ್ಟಿ, ಪೂರ್ತಿ ಬಿಚ್ಚಿ. ಎಷ್ಟು ಸಲ ಆಗುತ್ತೋ ಅಷ್ಟು."

ಗಟ್ಟಿಯಾಗಿ ಎಣಿಸಿದೆ. ಇಪ್ಪತ್ತು. ಸಲೀಸು.

ಡಾಕ್ಟರು ಹೆಂಡತಿಯ ಕಡೆ ತಿರುಗಿದರು. "ನೀವೂ ಎಣಿಸ್ತಿದ್ರಿ ಅನ್ಸುತ್ತೆ. ಎಷ್ಟು?"

"ಹನ್ನೊಂದು."

"ನನಗೂ ಹನ್ನೊಂದೇ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೈ ನೋಡಿದೆ. ಬೇರೆ ಯಾರದೋ ಸಾಮಾನು ತೊಡೆಯ ಮೇಲೆ ಇಟ್ಟು ಹೋದ ಹಾಗಿತ್ತು.

ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಕತ್ತಿನಲ್ಲಿ ಡಿಸ್ಕು ಹಿಂದಕ್ಕೆ ಉಬ್ಬಿ ಹುರಿಯನ್ನೇ ಅಮುಕಿದೆ. ಕೈಯದೂ ಕಾಲಿನದೂ ಒಂದೇ ಮೂಲ.

"ಆಪರೇಷನ್ ಬೇಗ ಆಗ್ಬೇಕು. ಇನ್ನೂ ಕೆಡದ ಹಾಗೆ ತಡೆಯೋದಕ್ಕೆ. ಹೋಗಿರೋ ಸ್ಪರ್ಶ ವಾಪಸ್ ಬರುತ್ತೆ ಅಂತ ಮಾತು ಕೊಡಲಾರೆ. ಬಂದ್ರೆ ಬಂತು."

"ಜನವರೀಲೇ ಗೊತ್ತಾಗಿದ್ರೆ?" ಕೇಳಿದವಳು ಹೆಂಡತಿ.

ಡಾಕ್ಟರು ಹಳೆಯ ಚೀಟಿ ತಿರುವಿದರು. "ಆಗ ಎರಡು ಅಂತ ಹೇಳಿದ್ದಾರಲ್ಲ."

ಬಸ್ಸಿನಲ್ಲಿ ಅವಳು ಕಿಟಕಿ ಕಡೆ ಕುಳಿತಳು. ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ನನ್ನ ಆಯಸ್ಸಿನಲ್ಲಿ ಮೊದಲ ಸಲ ಇರಬೇಕು.

ಏಪ್ರಿಲ್ 2

ಆಪರೇಷನ್ ನಾಳೆ. ಒಪ್ಪಿಗೆ ಪತ್ರಕ್ಕೆ ಸಹಿ ಬೇಕು. ನರ್ಸು ಮಸಿಯ ಡಬ್ಬಿ ಮುಂದಿಟ್ಟಳು. "ಕಷ್ಟ ಆದ್ರೆ ಹೆಬ್ಬೆಟ್ಟು ಒತ್ತಿ ಸಾರ್, ನಡೆಯುತ್ತೆ."

ಇಪ್ಪತ್ತೆರಡನೆಯ ವಯಸ್ಸಿಗೆ ಸಹಿ ಕಲಿತವನು ನಾನು. ಹಾಕಿದೆ. ಮಸಿಗೆ ಬಿದ್ದ ಇರುವೆ ಎದ್ದು ನಡೆದ ಹಾಗಿದೆ.

ಆ ಪತ್ರದ ಕಾಗದ ಎಷ್ಟರದ್ದು, ಗೊತ್ತಿಲ್ಲ.

ಏಪ್ರಿಲ್ 12, ಬೆಳಿಗ್ಗೆ

ಮನೆಗೆ ಬಂದು ಮೂರು ದಿನ. ಕತ್ತಿಗೆ ಮತ್ತೆ ಪಟ್ಟಿ, ಈ ಸಲ ಗಟ್ಟಿಯದು. ನಾಲ್ಕು ಸಾಲು ಬರೆಯಲು ಹದಿನೆಂಟು ನಿಮಿಷ.

ಹೆಂಡತಿ ಅಂಗಡಿ ತೆರೆಯಲು ಹೊರಟವಳು ತಿರುಗಿ ಬಂದಳು. ಕೈಯಲ್ಲಿ ಎರಡು ಹಾಳೆ.

"ಕಣ್ಣು ಮುಚ್ಚಿ."

"ನಾನೇನು ಕೂಸೇ?"

"ಕೂಸಾಗಿದ್ರೆ ಹೇಳಿದ ಮಾತು ಕೇಳ್ತಿತ್ತು. ಮುಚ್ಚಿ ರೀ."

ಒಂದರ ಮೂಲೆಯನ್ನು ಬೆರಳ ನಡುವೆ ಇಟ್ಟಳು. ಎಂಬತ್ತು ಎನ್ನಲು ಬಾಯಿ ಆಗಲೇ ತೆರೆದಿತ್ತು. ಹೆಚ್ಚು ಖರ್ಚಾಗುವುದು ಅದೇ, ಅವಳು ತಂದಿರುವುದೂ ಅದೇ ಇರಬೇಕು.

"ಗೊತ್ತಾಗ್ತಿಲ್ಲ" ಎಂದೆ.

ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. ಹಾಳೆ ಎಳೆದುಕೊಂಡಳು. ಎರಡನೆಯದನ್ನು ಇಟ್ಟಳು, ನನ್ನ ಹೆಬ್ಬೆರಳ ಮೇಲೆ ತನ್ನದನ್ನು ಒತ್ತಿ.

"ಅವಸರ ಇಲ್ಲ."

ಉಜ್ಜಿದೆ. ಇನ್ನೊಮ್ಮೆ. ಇದು —