ಉದುರಿದ ಹಸಿರು ಚೀಟಿಗಳು

ಮಾನ್ಯ ಡೀನ್ ಅವರೇ,

ಶರತ್ಕಾಲದ ರಜೆಯಲ್ಲಿ ನೀವು ನಮ್ಮ ಪ್ರಯೋಗಾಲಯದ ಫ್ರೀಜರ್ ಖಾಲಿ ಮಾಡಿಸಿದಿರಿ. ಅದರಲ್ಲಿದ್ದ ಆಸ್ಗರ್ ಎಂಬ ಹುಡುಗನ ರಕ್ತ ಕಸದೊಂದಿಗೆ ಸುಟ್ಟುಹೋಯಿತು. ಆಸ್ಗರ್ ಈಗ ಬದುಕಿಲ್ಲ. ಇನ್ನೊಮ್ಮೆ ಕೊಡಪ್ಪಾ ಎಂದು ನಾನು ಯಾರನ್ನು ಕೇಳಲಿ? ನಮ್ಮಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತೇವೆ, ಕಾಫಿ ಕುಡಿಯುವಾಗ ನೀವೂ ಹಾಗೆಯೇ ಕರೆಯಲು ಹೇಳಿದ್ದಿರಿ. ಇವತ್ತು ನಿಮ್ಮ ಹೆಸರು ನನ್ನ ಬಾಯಿಗೆ ಬರುತ್ತಿಲ್ಲ.

ನಾನು ಪ್ರೋಟೀನುಗಳನ್ನು ತೂಗುವವಳು. ರಕ್ತದ ಪ್ರೋಟೀನುಗಳನ್ನು ತುಂಡರಿಸಿ, ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟು, ತುಂಡುಗಳ ತೂಕದಿಂದ ಯಾವ ಪ್ರೋಟೀನು ಎಷ್ಟಿದೆ ಎಂದು ಹೇಳುವ ಕೆಲಸದಲ್ಲೇ ನನ್ನ ತಲೆ ನೆರೆತಿದೆ. ಉಣ್ಣೆಯ ಒಂದು ಎಳೆ ಬಿದ್ದರೂ ಸಾಕು, ಯಂತ್ರ ರೋಗಿಯನ್ನು ಬಿಟ್ಟು ಕುರಿಯನ್ನು ತೂಗಿ ತೋರಿಸುತ್ತದೆ. ಅದಕ್ಕೇ ಕೊರೆಯುವ ಚಳಿಯಲ್ಲೂ ಸ್ವೆಟರ್ ಹೊರಗೆ ಕಳಚಿಟ್ಟು, ಹತ್ತಿಯ ಅಂಗಿಯಲ್ಲಿ ನಡುಗುತ್ತಾ ದುಡಿದವರು ನಾವು. ಇಷ್ಟು ಮಡಿಯಿಂದ ಕಾಪಾಡಿದ್ದನ್ನು ಎಸೆಯುವುದು ನಿಮ್ಮವರಿಗೆ ಒಂದು ಬೆಳಗಿನ ಕೆಲಸವಾಯಿತು.

ಸಾಮ್ಸೋ ದ್ವೀಪದಲ್ಲಿ ಆಲೂಗಡ್ಡೆ ಬೆಳೆಯುವ ಬೋಡಿಲ್ ಆಸ್ಗರನ ತಾಯಿ. ಸ್ನಾಯು ಸವೆಯುವ ವಂಶದ ಕಾಯಿಲೆಗೆ ಗಂಡ ಬಲಿಯಾದ ಮೇಲೆ ಆಕೆಯೇ ನನ್ನನ್ನು ಹುಡುಕಿಕೊಂಡು ಬಂದಳು. ಆಸ್ಗರ್ ಆಗ ಫುಟ್‌ಬಾಲ್ ಆಡುವ ಗಟ್ಟಿ ಹುಡುಗ. ಪ್ರತಿ ವಸಂತದಲ್ಲೂ ಅವನ ರಕ್ತವನ್ನು ಹೊಗೆಯಾಡುವ ಡ್ರೈ ಐಸ್‌ನಲ್ಲಿಟ್ಟು ದೋಣಿಯಲ್ಲಿ ತರುತ್ತಿದ್ದೆ. ಡಬ್ಬಿಯ ಹೊಗೆ ಕಂಡು ದೋಣಿಯವರು, ಏನು ಅಡುಗೆ ಎಂದು ರೇಗಿಸುತ್ತಿದ್ದರು. ತೂಕ ನೋಡಲು ಇಷ್ಟು ವರ್ಷ ಬೇಕೇ, ತಾನಾದರೆ ಗಾಡಿಗಟ್ಟಲೆ ಆಲೂಗಡ್ಡೆಯನ್ನು ಊಟದ ಹೊತ್ತಿನೊಳಗೆ ತೂಗಿ ಮುಗಿಸುತ್ತೇನೆ ಎಂದು ಬೋಡಿಲ್ ನಗುತ್ತಿದ್ದಳು. ಆಮೇಲೆ ಕಾಯಿಲೆ ಮಗನನ್ನೂ ಹಿಡಿಯಿತು. ಚಮಚ ಎತ್ತಲಾಗದ ದಿನಗಳಲ್ಲೂ ಅವನು ತೋಳು ಒಡ್ಡುತ್ತಿದ್ದ.

"ನಂಗೇನೂ ಉಪಯೋಗ ಆಗಲ್ಲ ಅಂತ ಗೊತ್ತು," ಅಂದಿದ್ದ. "ತಂಗಿಗೆ ಶುರುವಾದ್ರೆ ಮುಂಚೇನೇ ಗೊತ್ತಾಗ್ಲಿ. ಇನ್ನೊಂದು ಟ್ಯೂಬ್ ತಗೋ."

ತಂಗಿಯ ಹೆಸರು ಮಾರೆನ್. ಕಾಯಿಲೆ ಬರಬಹುದೆಂದು ವಂಶವಾಹಿ ಪರೀಕ್ಷೆ ಹೇಳಿದೆ. ಅದು ಒಳಗೊಳಗೇ ಯಾವಾಗ ಶುರುವಾಗುತ್ತದೆಂದು ತಿಳಿಯಲು ಆಸ್ಗರನ ಆರೋಗ್ಯದ ದಿನಗಳ ರಕ್ತದಿಂದ ಕೊನೆಯ ರಕ್ತದವರೆಗೆ ಎಲ್ಲವನ್ನೂ ಒಟ್ಟಿಗೆ ಒಂದೇ ಸರದಿಯಲ್ಲಿ ತೂಗಿ, ಯಾವ ಪ್ರೋಟೀನು ಮೊದಲು ಬದಲಾಯಿತೆಂದು ನೋಡಬೇಕಿತ್ತು. ಆ ಸರದಿ ರಜೆ ಮುಗಿದ ಕೂಡಲೇ ಇತ್ತು.

ವಿದ್ಯುತ್ ಉಳಿಸುವ ನಿಮ್ಮ ಸಮಿತಿ, ಉಳಿಸಬೇಕಾದ ಡಬ್ಬಿಗಳಿಗೆ ಅಂಟಿಸಲು ಹಸಿರು ಚೀಟಿ ಕಳಿಸಿತು. ಚೀಟಿ ಇಲ್ಲದ್ದನ್ನೆಲ್ಲ ಎಸೆಯುವುದು ನಿಯಮ. ಕಚೇರಿಯ ಲಕೋಟೆಗೆ ಅಂಟಿಸುವ ಕಾಗದದ ಚೀಟಿ! ಅಷ್ಟು ಚಳಿಯಲ್ಲಿ ಆ ಅಂಟು ನಿಲ್ಲುವುದಿಲ್ಲವೆಂದು ನಿಮ್ಮ ಕಚೇರಿಗೆ ಹೋಗಿ ಹೇಳಿದೆ. "ಎಲ್ಲರಿಗೂ ಒಂದೇ ನಿಯಮ, ಗುಡ್ರುನ್. ಸ್ವಲ್ಪ ಒತ್ತಿ ಅಂಟಿಸು," ಎಂದರು ಅಲ್ಲಿದ್ದವರು. ಒತ್ತಿಯೇ ಅಂಟಿಸಿದೆ. ಎಲ್ಲವೂ ಉದುರಿ ಫ್ರೀಜರಿನ ತಳ ಸೇರಿದವು. ಡಬ್ಬಿಗಳ ಮೇಲೆ ನಾನು ಕಪ್ಪು ಶಾಯಿಯಲ್ಲಿ ಬರೆದ ಹೆಸರುಗಳಿದ್ದವು. ಆದರೆ ಹೆಸರು ಓದಿ ಎಂದು ನಿಯಮದಲ್ಲಿ ಇರಲಿಲ್ಲವಲ್ಲ! ಪ್ರಕ್ರಿಯೆ ಸರಿಯಾಗಿ ಪಾಲನೆಯಾಗಿದೆ ಎಂದು ನೀವು ಉತ್ತರ ಬರೆದಿದ್ದೀರಿ. ಅಭಿನಂದನೆಗಳು. ಆ ಸಮಿತಿಯಲ್ಲಿ ಒಬ್ಬರಾದರೂ ಎಂದಾದರೂ ಇಂಥ ಫ್ರೀಜರಿನ ಬಾಗಿಲು ತೆರೆದಿದ್ದರೇ?

ಕಳೆದ ವಾರ ಸಾಮ್ಸೋಗೆ ಹೋಗಿ ನಾನೇ ಹೇಳಿದೆ. "ಯಾರು ಎಸೆದದ್ದು?" ಎಂದು ಬೋಡಿಲ್ ಕೇಳಿದಳು. ಸಮಿತಿ ಎಂದೆ. "ಸಮಿತಿ ಅಂದ್ರೆ ಯಾರು? ಒಬ್ರು ಬಂದು ಹೇಳ್ಲಿ. ನಾನು ಬೈಯಲ್ಲ."

ಮಾರೆನ್ ಮಾತ್ರ ಅಂಗಿಯ ತೋಳು ಮಡಚಿ ಕೈಯನ್ನು ಮೇಜಿನ ಮೇಲಿಟ್ಟಳು. "ಅಣ್ಣಂದು ಹೋದ್ರೆ ಹೋಯ್ತು, ನಂದು ತಗೋ," ಎಂದಳು. ಅಣ್ಣನದಿಲ್ಲದೆ ನಿನ್ನದು ಏನು ಹೇಳುತ್ತಿದೆಯೆಂದು ನನಗೆ ತಿಳಿಯುವುದಿಲ್ಲ ಮಗೂ ಎನ್ನಬೇಕಿತ್ತು. ಅದನ್ನು ಹೇಳದೆ ಒಂದು ಟ್ಯೂಬ್ ರಕ್ತ ತೆಗೆದುಕೊಂಡು ಬಂದೆ.

ನನಗೆ ಪರಿಹಾರ ಬೇಡ, ಹೊಸ ಯಂತ್ರವೂ ಬೇಡ. ಶನಿವಾರದ ದೋಣಿಗೆ ನನ್ನ ಜೊತೆ ಬನ್ನಿ. ಬೋಡಿಲ್ ನಿಮಗೂ ಕಾಫಿ ಕೊಡುತ್ತಾಳೆ. ನಾನು ಹೇಳಲಾರದೆ ಬಂದ ಮಾತನ್ನು ಮಾರೆನ್‌ಗೆ ನೀವು ಹೇಳಿ.

ಇಂತಿ,
ತೂಕ ಗೊತ್ತಿದ್ದೂ ಅರ್ಥ ಹೇಳಲಾರದ,
ಗುಡ್ರುನ್