ಭಾರದ ಬಾಣ

ಲೋಕನಾಥ ಭಾವನಿಗೆ,

ಎಷ್ಟು ಹೇಳಿದರೂ ನಿಮ್ಮದು ಅದೇ ಹಟ: ಹಗುರ ಬಾಣ ದೂರ ಹೋಗುತ್ತದೆ. ಹೋಗುತ್ತದೆ, ಇಲ್ಲಿ ಸಲ್ವಾ ಬಡಾವಣೆಯ ನಮ್ಮ ಬಿಲ್ಲುಗಾರಿಕೆ ಕ್ಲಬ್ಬಿನ ಗುರಿಹಲಗೆಗೆ. ಅಲ್ಲಿ ನೀವು ಗೆದ್ದದ್ದು ನೋಡಿ, ನಿಮಗೆ ಕೆಲಸ, ವೀಸಾ ಕೊಟ್ಟ ಅರಬ್ ಕಫೀಲ್ "ಯಲ್ಲಾ, ಆಫ್ರಿಕಾಕ್ಕೆ ಬೇಟೆಗೆ ನೀನೂ ಬಾ" ಅಂದರು. ಅಂದಿನಿಂದ ನನ್ನ ಮಾತು ನಿಮ್ಮ ಕಿವಿಗೇ ಬೀಳುತ್ತಿಲ್ಲ.

ಹಲಗೆಗೆ ಮೂಳೆಯಿಲ್ಲ ಭಾವ. ನಿಮ್ಮ ಮರದ ಬಿಲ್ಲಿನಿಂದ ಹೊರಟ ಹಗುರ ಬಾಣ ಕಾಡುಹಂದಿಯ ಪಕ್ಕೆಲುಬಿಗೆ ತಾಗಿ ಅಲ್ಲೇ ನಿಲ್ಲುತ್ತದೆ. ಹಂದಿ ಓಡಿಹೋಗಿ ಎಲ್ಲೋ ನರಳುತ್ತಾ ಬಿದ್ದಿರುತ್ತದೆ. ನೀವು ಫೋಟೋ ಸಿಗಲಿಲ್ಲವೆಂದು ಬೇಜಾರು ಮಾಡಿಕೊಳ್ಳುತ್ತೀರಿ, ಅಷ್ಟೇ.

ಅಕ್ಕನನ್ನು ಕೇಳಿಯೇ ನಿಮ್ಮ ಬ್ಯಾಗು ತೆರೆದು ಬಾಣಗಳನ್ನು ಬದಲಾಯಿಸಿದ್ದೇನೆ. ಇವು ಭಾರ. ದೂರದಿಂದ ಬಿಟ್ಟರೆ ನೆಲಕ್ಕೆ ಬೀಳುತ್ತವೆ. ಹತ್ತಿರ ಹೋಗಿಯೇ ಹೊಡೆಯಬೇಕು. ಹೆದರಿಕೆಯಾದರೆ ಹೊಡೆಯದೆ ಬನ್ನಿ, ನಾನು ಯಾರಿಗೂ ಹೇಳುವುದಿಲ್ಲ.

ನಿಮ್ಮ ಬಿಲ್ಲಿಗೆ ಹೆದೆ ಕಟ್ಟಿಕೊಡುವ ನಾದಿನಿ,
ಅಕ್ಷಿತಾ