ಇಂಜಿನ್ನಿಗೂ ಸೋಮವಾರ ಸೂಟಿ

ವಿಜಯಪುರ, ಮಂಗಳವಾರ ಸಂಜೆ

ಅತ್ತೆಯವರೇ,

ಹೊಸ ಬಗೆಯ ಇಂಧನ ಯೋಜನೆಗಳಿಗೆ ನಮ್ಮ ಸಂಸ್ಥೆ ಕೊಟ್ಟ ಹಣ ಏನಾಯಿತೆಂದು ನೋಡಲು ಬಂದಿದ್ದೇವಲ್ಲ. ಬಬಲೇಶ್ವರದ ಆಚೆ ಮಮದಾಪುರದಲ್ಲಿ ಹೆಂಗಸರ ಸಂಘವೊಂದು ಸಗಣಿ ಗ್ಯಾಸಿನ ಇಂಜಿನ್ನಿನಿಂದ ಜೋಳದ ಗಿರಣಿ ನಡೆಸುತ್ತಿದೆ. ಅದಕ್ಕೆ ಹಣ ಕೊಡಲೇಬೇಕೆಂದು ಸಭೆಯಲ್ಲಿ ಹಟ ಹಿಡಿದವಳು ನಾನು. ನಿನ್ನೆ ಹೋದರೆ ಗಿರಣಿ ಬಂದ್. ನಮ್ಮ ಹಿರಿಯ ಅಧಿಕಾರಿ ನನ್ನ ಮುಖ ನೋಡಿದರು.

ಗಿರಣಿಯ ಗುರುಬಸವ್ವ ಕಟ್ಟೆಯ ಮೇಲೆ ಆರಾಮಾಗಿ ಕೂತಿದ್ದರು. "ಸೋಮವಾರ ನಾವು ಎತ್ತ ಹೂಡಂಗಿಲ್ರಿ. ಅವುಗಳ ಶಗಣಿ ಮ್ಯಾಲ ನಡಿಯೂ ಇಂಜಿನ್ನಿಗೂ ಅವತ್ತ ಸೂಟಿ," ಎಂದರು. ಬರೀ ರಜೆಯಲ್ಲ. ಒಳಗೆ ಇಬ್ಬರು ಇಂಜಿನ್ ಬಿಚ್ಚಿಟ್ಟು, ಎತ್ತಿನ ಮೈ ಉಜ್ಜಿದ ಹಾಗೆ ಉಜ್ಜಿ ಎಣ್ಣೆ ಹಾಕುತ್ತಿದ್ದರು. ಬೇರೆ ಊರುಗಳಲ್ಲಿ ನಾವು ಕೊಟ್ಟ ಇಂಥವೇ ಇಂಜಿನ್‌ಗಳು ವರ್ಷದೊಳಗೆ ಕೆಟ್ಟು ಟಾರ್ಪಾಲು ಹೊದ್ದು ಮಲಗಿವೆ. ಇದು ಮೂರು ವರ್ಷದಿಂದ ಓಡುತ್ತಿದೆ.

ಇವತ್ತು ಮತ್ತೆ ಹೋದೆವು. ಒಂದೇ ಸಲಕ್ಕೆ ಶುರುವಾಯಿತು. ಅಧಿಕಾರಿಗಳು ಬಿಸಿ ಹಿಟ್ಟನ್ನು ಅಂಗೈಯಲ್ಲಿ ಹಿಡಿದು, ತಿಕೋಟಾಕ್ಕೂ ಇಂಥದ್ದೊಂದು ಕೊಡೋಣ, ವಾರದ ರಜೆಯ ಷರತ್ತನ್ನೂ ಸೇರಿಸಿ ಎಂದರು. ನಾನು ಬೀಗಿದ್ದನ್ನು ನೀವು ನೋಡಬೇಕಿತ್ತು.

ಇಲ್ಲಿನ ಖಾರಕ್ಕೆ ಮೊದಲ ದಿನ ಹೊಟ್ಟೆ ಉರಿಯಿತು, ಮೊಸರು ತಿಂದ ಮೇಲೆ ಸರಿಹೋಗಿದೆ. ನೀವು ಮೊಣಕಾಲಿನ ಮಾತ್ರೆ ತಪ್ಪಿಸಬೇಡಿ. ಕಾರ್ಡಿನಲ್ಲಿ ಜಾಗ ಮುಗಿಯಿತು, ಒಂದೇ ಮಾತು: ಇನ್ನು ಮೇಲೆ ಸೋಮವಾರ ನಿಮಗೂ ಸೂಟಿ, ಅಡುಗೆ ನಿಮ್ಮ ಮಗನದು.

ಸೊಸೆ ಸುಚೇತಾ